ಸಂಸಾರ ಸಮೇತ ಯುಕೆಗೆ: ಸ್ಟೂಡೆಂಟ್ ವೀಸಾನಾ, ಸ್ಕಿಲ್ಡ್ ವರ್ಕರಾ?

ಒಂದು ವರ್ಷದ ಎಂಎಸ್‌ಸಿಗೆ ಹೋಗಿ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳುವ ಕಾಲ ಮುಗಿಯಿತು. 2024ರ ಜನವರಿಯಿಂದ ಸ್ಟೂಡೆಂಟ್ ವೀಸಾದಲ್ಲಿ ಆ ಅವಕಾಶ ಇರುವುದು ಪಿಎಚ್‌ಡಿ, ಸಂಶೋಧನಾ ಮಾಸ್ಟರ್ಸ್ ಮಾಡುವವರಿಗೆ, ಜೊತೆಗೆ ಕೆಲವು ಸರ್ಕಾರಿ ಸ್ಕಾಲರ್‌ಶಿಪ್‌ನವರಿಗೆ ಮಾತ್ರ. ಓದು ಮುಗಿಸಿ ಗ್ರಾಜುಯೇಟ್ ವೀಸಾದಲ್ಲಿ (ಓದಿನ ನಂತರ ಅಲ್ಲೇ ಇದ್ದು ಕೆಲಸ ಮಾಡಲು ಕೊಡುವ ವೀಸಾ) ಕರೆಸಿಕೊಳ್ಳೋಣ ಅಂದ್ರೆ ಅದೂ ಆಗಲ್ಲ.

ಸಂಸಾರಸ್ಥರಿಗೆ ಸ್ಕಿಲ್ಡ್ ವರ್ಕರ್, ಅಂದರೆ ಕೆಲಸದ ವೀಸಾದ ದಾರಿಯೇ ವಾಸಿ. ಪದವಿ ಮಟ್ಟದ ಕೆಲಸ ಸಿಕ್ಕರೆ ಸಂಗಾತಿ, 18ರೊಳಗಿನ ಮಕ್ಕಳು ಬರಬಹುದು. ಸಂಗಾತಿ ಕೆಲಸಕ್ಕೂ ಹೋಗಬಹುದು. ಕೇರ್ ವರ್ಕರ್‌ಗಳಿಗೆ (ವೃದ್ಧರು, ರೋಗಿಗಳ ಆರೈಕೆ ಮಾಡುವವರು) ಮಾತ್ರ ಕುಟುಂಬ ಕರೆಸಿಕೊಳ್ಳುವುದು 2024ರ ಮಾರ್ಚ್‌ನಲ್ಲೇ ನಿಂತಿದೆ, ಏಜೆಂಟ್ ಏನೇ ಹೇಳಲಿ.

ಆದರೆ ದುಡ್ಡು ಜಾಸ್ತಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ವೀಸಾ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಗುವಿಗೆ 776. ಗಂಡ, ಹೆಂಡತಿ, ಒಂದು ಮಗುವಿಗೆ ಮೂರು ವರ್ಷಕ್ಕೆ 8,538 ಪೌಂಡ್, ಅದೂ ಮುಂಗಡ! ವಿದ್ಯಾರ್ಥಿ ಕುಟುಂಬಕ್ಕಾದರೆ ಎಲ್ಲರಿಗೂ 776.

ಅಪ್ಪ-ಅಮ್ಮ ಎರಡೂ ವೀಸಾಗಳಲ್ಲಿ ಡಿಪೆಂಡೆಂಟ್ (ಅವಲಂಬಿತರು) ಅಲ್ಲ. ಅವರು ವಿಸಿಟರ್ ವೀಸಾದಲ್ಲೇ ಬರಬೇಕು, ಒಂದು ಸಲಕ್ಕೆ ಹೆಚ್ಚೆಂದರೆ ಆರು ತಿಂಗಳು.