ಜರ್ಮನ್ ವಲಸಿಗರ ಹೆಸರುಗಳ ಜಾಡಿನಲ್ಲಿ: ಫ್ಯಾಮಿಲಿಸರ್ಚ್ ಜಾಲತಾಣ

1834ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದಿಳಿದ ಮೂವರಲ್ಲಿ ಒಬ್ಬರು ಯೊಹಾನ್ ಕ್ರಿಸ್ಟೋಫ್ ಲೆಹ್ನರ್. ಇಂತಹ ಜೋಡಿ ಹೆಸರುಗಳನ್ನು ಹೊತ್ತು ಅಮೆರಿಕದ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನ್ ಕುಟುಂಬಗಳಲ್ಲಿ ಅವು ತಲೆಮಾರುಗಳು ಕಳೆದಂತೆ ಹೇಗೆ ಬದಲಾದವೆಂದು ತಿಳಿಯುವ ಆಸೆಯಿಂದ ನಾನು ವಂಶದ ಹಳೆಯ ದಾಖಲೆಗಳನ್ನು ಹುಡುಕಲು ನೆರವಾಗುವ ಫ್ಯಾಮಿಲಿಸರ್ಚ್ ಜಾಲತಾಣವನ್ನು ಬಳಸತೊಡಗಿದೆ. ಸಾಲ್ಟ್ ಲೇಕ್ ಸಿಟಿಯ ಲ್ಯಾಟರ್-ಡೇ ಸೇಂಟ್ಸ್ ಚರ್ಚ್ ನಡೆಸುವ ಈ ಸೇವೆಗೆ ಶುಲ್ಕವಿಲ್ಲ. ಖಾತೆ ತೆರೆದರೆ ಸಾಕು.

ಹಳೆಯ ಚರ್ಚ್ ಪುಸ್ತಕಗಳ ಪುಟಗಳನ್ನೇ ಚಿತ್ರಗಳಾಗಿ ತೋರಿಸುವುದು ಈ ತಾಣದ ಹಿರಿಮೆ. 18ನೆಯ ಶತಮಾನದ ದೀಕ್ಷಾಸ್ನಾನದ ದಾಖಲೆಗಳಲ್ಲಿ ಒಂದೇ ಮನೆಯ ಗಂಡುಮಕ್ಕಳು ಯೊಹಾನ್ ಗೆಯೋರ್ಗ್, ಯೊಹಾನ್ ಪೇಟರ್, ಯೊಹಾನ್ ಆಡಮ್ ಎಂದೂ ಹೆಣ್ಣುಮಕ್ಕಳು ಅನ್ನಾ ಮರಿಯಾ, ಅನ್ನಾ ಬಾರ್ಬರಾ ಎಂದೂ ಕಾಣಿಸುತ್ತಾರೆ. ಅವರನ್ನು ಸಾಮಾನ್ಯವಾಗಿ ಕರೆಯುತ್ತಿದ್ದುದು ಎರಡನೆಯ ಹೆಸರಿನಿಂದ. ಅದು ಹಲವು ಸಲ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತವರ ಹೆಸರೇ ಆಗಿರುತ್ತಿತ್ತು. ಮೊಮ್ಮಗನಿಗೆ ಅಜ್ಜನ ಹೆಸರನ್ನಿಟ್ಟು, ಸೊಸೆ ಮಾವನ ಹೆಸರೆತ್ತಬಾರದೆಂದು ಕರೆಯಲು ಬೇರೊಂದು ಹೆಸರನ್ನು ಇಟ್ಟುಕೊಳ್ಳುತ್ತಿದ್ದ ಉಡುಪಿ ಕಡೆಯ ಮನೆಗಳವರಿಗೆ ಈ ಏರ್ಪಾಡು ಬೇಗ ಅರ್ಥವಾದೀತು. ಆದ್ದರಿಂದ ಬರಿಯ ಯೊಹಾನ್ ಎಂದು ಹುಡುಕಿ ಪ್ರಯೋಜನವಿಲ್ಲ. ಎರಡನೆಯ ಹೆಸರಿನೊಂದಿಗೆ ತಂದೆತಾಯಿಯರ ಹೆಸರುಗಳನ್ನೂ ಕೊಡಬೇಕು. ಯೊಹಾನೆಸ್ ಎಂದಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಕರೆಯುವ ಹೆಸರೇ. ಮ್ಯುಲರ್ ಮನೆತನದ ಹೆಂಗಸು ಮ್ಯುಲರಿನ್ ಎಂದು ದಾಖಲಾಗಿರುವುದನ್ನೂ ನೆನಪಿಡಬೇಕು.

ಮುಂದಿನ ತಲೆಮಾರುಗಳಲ್ಲಿ ಗೆಯೋರ್ಗ್ ಜಾರ್ಜ್ ಆಗುತ್ತಾನೆ, ಮ್ಯುಲರ್ ಮಿಲ್ಲರ್ ಆಗುತ್ತದೆ, ಮೊದಲಿನ ಯೊಹಾನ್ ಉದುರಿಹೋಗುತ್ತದೆ. ಎಷ್ಟೋ ಕುಟುಂಬಗಳಲ್ಲಿ ತಾಯಿಯ ತವರಿನ ಮನೆತನದ ಹೆಸರು ಮಗುವಿನ ನಡುವಿನ ಹೆಸರಾಗುತ್ತದೆ. 1741ರಲ್ಲಿ ಫಿಲಡೆಲ್ಫಿಯಕ್ಕೆ ಬಂದ ಹಾನ್ಸ್ ನಿಕೋಲಾಸ್ ಐಸನ್‌ಹೌವರ್ ಅವರ ವಂಶದಲ್ಲಿ 1890ರಲ್ಲಿ ಹುಟ್ಟಿ ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಅವರಿಗೆ ಇಟ್ಟ ಹೆಸರು ಡೇವಿಡ್ ಡ್ವೈಟ್. ತಂದೆಯೂ ಡೇವಿಡ್ ಆಗಿದ್ದುದರಿಂದ ಮನೆಯಲ್ಲಿ ಅವರನ್ನು ಡ್ವೈಟ್ ಎಂದೇ ಕರೆದರು. ಕೊನೆಗೆ ಹೆಸರುಗಳ ಕ್ರಮವೇ ಅದಲುಬದಲಾಯಿತು.

ಕಾಗುಣಿತದ ಇಂತಹ ಭೇದಗಳನ್ನು ತಾಣದ ಹುಡುಕಾಟ ಬಹುಮಟ್ಟಿಗೆ ತಾನೇ ಹೊಂದಿಸಿಕೊಳ್ಳುತ್ತದೆ, ಇದು ನಿಜಕ್ಕೂ ಮೆಚ್ಚುವಂಥದ್ದು. ಆದರೆ ಎಲ್ಲರೂ ಸೇರಿ ಕಟ್ಟುವ ಅದರ ವಂಶವೃಕ್ಷವನ್ನು ಬಳಕೆದಾರರು ಯಾರು ಬೇಕಾದರೂ ತಿದ್ದಬಹುದಾದ್ದರಿಂದ, ಒಂದೇ ಹೆಸರಿನ ದಾಯಾದಿಗಳು ಒಬ್ಬನೇ ವ್ಯಕ್ತಿಯಾಗಿ ಬೆಸೆದುಹೋಗುವ ಅಪಾಯವಿದೆ. ಮೂಲ ಪುಟವನ್ನು ನೋಡದೆ ಅದನ್ನು ನಂಬಬಾರದು. ಕೆಲವು ಪುಟಗಳು ಸಂಸ್ಥೆಯ ಕೇಂದ್ರಗಳಲ್ಲಿ ಅಥವಾ ಅದರೊಂದಿಗೆ ಒಪ್ಪಂದವಿರುವ ಗ್ರಂಥಾಲಯಗಳಲ್ಲಿ ಮಾತ್ರ ತೆರೆಯುತ್ತವೆ. ಮಂಗಳೂರಿನಲ್ಲಿ ಮನೆಯಲ್ಲೇ ಕುಳಿತು ಓದುವವರಿಗೆ ಇದು ದೊಡ್ಡ ಕೊರತೆ. ತೆರೆದ ಪುಟಗಳನ್ನು ಓದುವುದಕ್ಕೂ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹವನ್ನು ಕಲಿಯಲೇಬೇಕು. ಆ ತಾಳ್ಮೆಯುಳ್ಳವರು ಮೊದಲು ಈ ತಾಣದಲ್ಲೇ ಖಾತೆ ತೆರೆಯಲಿ.