ಚೀಟಿ ಎತ್ತಿಸಿ ಮೆಷಿನ್ ಸೆಟ್ ಮಾಡಿದ ಸಲಹೆಗಾರರು

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಇಂಜೆಕ್ಷನ್ ಮೌಲ್ಡಿಂಗ್ ಶೆಡ್ ಇದೆ. ಕರಗಿದ ಪ್ಲಾಸ್ಟಿಕ್ಕನ್ನು ಮೌಲ್ಡಿಗೆ, ಅಂದರೆ ಅಚ್ಚಿಗೆ, ಒತ್ತಿ ತುಂಬಿ ಪೀಸ್ ತೆಗೆಯುವ ಕೆಲಸ. ಮೂರು ಮೆಷಿನ್, ಎರಡು ಶಿಫ್ಟ್. ಮಿಕ್ಸಿಗೆ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಕವರ್ ಮಾಡಿಕೊಡುತ್ತೇವೆ. ಸ್ಕ್ರೂ ಕೂರುವ ಜಾಗದ ಹಿಂದೆ, ಹೊರಮೈ ಮೇಲೆ, ಹೆಬ್ಬೆರಳಲ್ಲಿ ಒತ್ತಿದ ಹಾಗೆ ಕುಳಿ ಬೀಳುತ್ತಿತ್ತು. ಸಿಂಕ್ ಮಾರ್ಕ್. ನೂರಕ್ಕೆ 14 ಪೀಸ್ ಗ್ರೈಂಡರ್‌ಗೆ ಹೋಗುತ್ತಿತ್ತು. ಪ್ಲಾಸ್ಟಿಕ್ಕನ್ನು ಪುಡಿ ಮಾಡಿ ಮತ್ತೆ ಬಳಸಬಹುದು. ಕರೆಂಟು, ಕೂಲಿ ವಾಪಸ್ ಬರಲ್ಲ ಅಲ್ವಾ?

ನಮಗೆ ಗೊತ್ತಿದ್ದ ಮದ್ದು ಒಂದೇ. ಹಗಲು ಶಿಫ್ಟಿನವನು ಪ್ರೆಶರ್ ಏರಿಸುತ್ತಿದ್ದ, ಅಂಚಿನಲ್ಲಿ ಫ್ಲ್ಯಾಶ್, ಅಂದರೆ ಅಚ್ಚಿನ ಸಂದಿಯಿಂದ ಹೊರಬಂದ ತೆಳು ಪ್ಲಾಸ್ಟಿಕ್, ಬಂತು ಅಂತ ರಾತ್ರಿಯವನು ಇಳಿಸುತ್ತಿದ್ದ. ಕೊನೆಗೆ ಪರಿಚಯದವರು ಹೇಳಿದ ಒಬ್ಬ ಸಲಹೆಗಾರರನ್ನು ಕರೆಸಿದೆ. ಹೆಸರು ಬೇಡ. ಕೆಲಸ ಹೇಗಿತ್ತು ಅಂತ ಮಾತ್ರ ಬರೆಯುತ್ತೇನೆ.

ಮೊದಲ ದಿನ ಅವರು ಕೇಳಿದ್ದು ತೂಕದ ಮೆಷಿನ್. ಹೋಲ್ಡಿಂಗ್ ಟೈಮನ್ನು, ಅಂದರೆ ಅಚ್ಚು ತುಂಬಿದ ಮೇಲೂ ಒತ್ತಡ ಹಿಡಿದಿಡುವ ಸಮಯವನ್ನು, ಒಂದೊಂದೇ ಸೆಕೆಂಡ್ ಏರಿಸುತ್ತಾ ಪೀಸ್ ತೂಗಿದರು. 4 ಸೆಕೆಂಡಿಗೆ 41.3 ಗ್ರಾಂ, 5ಕ್ಕೆ 41.8, 6ಕ್ಕೆ 42.1. 7ಕ್ಕೂ ಅಷ್ಟೇ. ಅಂದರೆ ಪ್ಲಾಸ್ಟಿಕ್ ಒಳಗೆ ಹೋಗುವ ಸಣ್ಣ ಬಾಯಿ, ಗೇಟ್, ಗಟ್ಟಿಯಾಗಲು 6 ಸೆಕೆಂಡ್ ಬೇಕು. ನಾವು 4ಕ್ಕೇ ಒತ್ತಡ ಬಿಡುತ್ತಿದ್ದೆವು, ಒಳಗಿನ ಮಾಲು ಹಿಂದಕ್ಕೆ ಜಾರುತ್ತಿತ್ತು. ಇಷ್ಟು ವರ್ಷ ಪ್ರೆಶರ್ ತಿರುಗಿಸಿದ್ದು ಸುಮ್ನೆ! ಹೋಲ್ಡಿಂಗ್‌ಗೆ 2 ಸೆಕೆಂಡ್ ಸೇರಿಸಿ, ಕೂಲಿಂಗ್‌ನಲ್ಲಿ ಅಷ್ಟನ್ನೇ ಕಳೆದರು. ಸೈಕಲ್ ಟೈಮ್, ಒಂದು ಪೀಸಿಗೆ ಹಿಡಿಯುವ ಒಟ್ಟು ಸಮಯ, ಒಂದಿಷ್ಟೂ ಬದಲಾಗಲಿಲ್ಲ. ಕವರು ಬಗ್ಗುತ್ತಾ ಅಂತ ನೋಡಿದೆವು, ಬಗ್ಗಲಿಲ್ಲ.

ಆಮೇಲೆ ಶುರುವಾಗಿದ್ದು ನನಗೆ ಜಾಸ್ತಿ ಹಿಡಿಸಿದ ಭಾಗ. ಹೋಲ್ಡಿಂಗ್ ಪ್ರೆಶರ್ 45 ಅಥವಾ 55 ಬಾರ್, ಮೌಲ್ಡ್ 50 ಅಥವಾ 60 ಡಿಗ್ರಿ. ನಾಲ್ಕು ಜೋಡಿ, ನಡುವೆ ನಮ್ಮ ಹಳೆಯ ಸೆಟ್ಟಿಂಗ್ 50 ಬಾರ್, 55 ಡಿಗ್ರಿ. ಯಾವುದು ಮೊದಲು ಅಂತ ಚೀಟಿ ಬರೆದು ಆಪರೇಟರ್ ಕೈಲೇ ಎತ್ತಿಸಿದರು. ಅವನು ನನ್ನ ಮುಖ ನೋಡಿ "ಸಾರ್, ಇದೇನು ಲಕ್ಕಿ ಡಿಪ್ಪಾ?" ಅಂದ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಶೆಡ್ಡಿನ ಬಿಸಿ ಬೇರೆ, ಅದರ ಪ್ರಭಾವ ಒಂದೇ ಸೆಟ್ಟಿಂಗ್ ಮೇಲೆ ಬೀಳಬಾರದು ಅನ್ನೋದು ಕಾರಣ. ಮೌಲ್ಡ್ ಬಿಸಿ ನಿಲ್ಲುವ ತನಕ ಕಾದು, ಪ್ರತಿ ಸೆಟ್ಟಿಂಗ್‌ನಲ್ಲಿ 50 ಶಾಟ್, ಅಂದರೆ 50 ಪೀಸ್. ಇಡೀ ಸುತ್ತು ನಾಲ್ಕು ಸಲ. ಒಂದು ಸುತ್ತಿನ ಮಧ್ಯೆ ಕರೆಂಟ್ ಹೋಯಿತು. ಆ ಸುತ್ತಿನ ಲೆಕ್ಕ ಪೂರ್ತಿ ಹರಿದು ಹಾಕಿ ಮತ್ತೆ ಮಾಡಿಸಿದರು. ಆಗ ಬೈದುಕೊಂಡೆ.

200ರಲ್ಲಿ ಎಷ್ಟು ಕೆಟ್ಟವು ಅಂದರೆ: 45 ಬಾರ್, 60 ಡಿಗ್ರಿಗೆ 24. 55 ಬಾರ್, 60ಕ್ಕೆ 21, ಅವೆಲ್ಲ ಫ್ಲ್ಯಾಶ್. 45 ಬಾರ್, 50ಕ್ಕೆ 15. 55 ಬಾರ್, 50ಕ್ಕೆ 8. ನಡುವಿನದು 17. ಒಳ್ಳೆ ಮೂಲೆ ಯಾವುದು ಅಂತ ಗೊತ್ತಾದ ಮೇಲೆ ಅದನ್ನೇ ನಡು ಮಾಡಿಕೊಂಡು ಇನ್ನೊಂದು ಸುತ್ತು. 60 ಬಾರಿಗೆ ಮತ್ತೆ ಫ್ಲ್ಯಾಶ್ ಬಂತು, 45 ಡಿಗ್ರಿಗೆ ಮೈಮೇಲೆ ಗೆರೆ ಕಂಡಿತು. 56 ಬಾರ್, 49 ಡಿಗ್ರಿಯಲ್ಲಿ ನಿಲ್ಲಿಸಿದೆವು. ಈಗ ನೂರಕ್ಕೆ 3.

ಮೆಷಿನ್ ನಿಲ್ಲಿಸಿ ಪ್ರಯೋಗ ಮಾಡಲಿಲ್ಲ, ಒಳ್ಳೆ ಪೀಸೆಲ್ಲ ಆರ್ಡರಿಗೇ ಹೋಯಿತು. ಹೀಗೆ ಉತ್ಪಾದನೆ ನಡೆಯುತ್ತಿರುವಾಗಲೇ ಸಣ್ಣ ಸಣ್ಣ ಹೆಜ್ಜೆ ಇಡುವ ಪದ್ಧತಿಯನ್ನು 1957ರಲ್ಲಿ ಜಾರ್ಜ್ ಬಾಕ್ಸ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಬರೆದಿಟ್ಟಿದ್ದರಂತೆ.

ಐದರಲ್ಲಿ ಒಂದು ಸ್ಟಾರ್ ಕಟ್ ಮಾಡಿದ್ದೇನೆ. ವರದಿ 22 ಪುಟ, ಪೂರ್ತಿ ಇಂಗ್ಲಿಷ್, ಆಪರೇಟರ್‌ಗಳಿಗೆ ಕೆಲಸಕ್ಕೆ ಬರಲ್ಲ. ಕನ್ನಡದಲ್ಲಿ ಒಂದು ಹಾಳೆ ನಾನೇ ಬರೆದು ಮೆಷಿನ್ ಪಕ್ಕ ಅಂಟಿಸಿದೆ. ಇನ್ನೊಂದು, ಹೊಸ ಲಾಟ್ ಮಾಲು ಬಂದಾಗ ರಿಜೆಕ್ಷನ್ ಮತ್ತೆ 6ಕ್ಕೆ ಏರಿತು. ಫೋನ್ ಮಾಡಿದರೆ "ಇನ್ನೊಂದು ವಿಸಿಟ್ ಚಾರ್ಜ್ ಆಗುತ್ತೆ" ಅಂದರು. ಪ್ಲಾಸ್ಟಿಕ್ ಕಾಳು ಸರಿಯಾಗಿ ಒಣಗಿರಲಿಲ್ಲ ಅಷ್ಟೇ. 80 ಡಿಗ್ರಿಯಲ್ಲಿ ಮೂರು ಗಂಟೆ ಹಾಪರ್ ಡ್ರೈಯರ್ ಓಡಿಸಿದ ಮೇಲೆ ಸರಿಹೋಯಿತು. ಫೋನಲ್ಲೇ ಹೇಳಬಹುದಿತ್ತು.

ಎರಡನೇ ಮೆಷಿನ್‌ಗೆ ಅವರನ್ನು ಕರೆಯುತ್ತಿಲ್ಲ. ಆಪರೇಟರ್ ಆಗಲೇ ಚೀಟಿ ಬರೆದು ಬೀಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾನೆ.