ಪೇಜ್‌ಮೇಕರ್, ಇನ್‌ಡಿಸೈನ್, ಸ್ಕ್ರೈಬಸ್: ನನ್ನ ಪತ್ರಿಕೆಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ಪತ್ರಿಕೆ, ಪುಸ್ತಕಗಳ ಪುಟ ಕಟ್ಟುವ ಈ ಮೂರು ತಂತ್ರಾಂಶಗಳಲ್ಲಿ ನನ್ನ ವೋಟು ಪುಕ್ಕಟೆ ಸಿಗುವ ಸ್ಕ್ರೈಬಸ್‌ಗೆ. ತಿಂಗಳಿಗೊಂದು ಸಣ್ಣ ಪತ್ರಿಕೆ, ನಡುನಡುವೆ ಪರಿಚಿತರ ಕವನಸಂಕಲನ. ಇಷ್ಟಕ್ಕೆ ಇನ್‌ಡಿಸೈನ್‌ಗೆ ತಿಂಗಳು ತಿಂಗಳು ಚಂದಾ ಕಟ್ಟಿಕೊಂಡು ಕೂರಲು ನನ್ನಿಂದಾಗದು.

ನಮ್ಮ ಕಡೆ ಡಿಟಿಪಿ ಅಂದರೆ ಇವತ್ತಿಗೂ ಎಷ್ಟೋ ಕಡೆ ಪೇಜ್‌ಮೇಕರ್ 7, ಜೊತೆಗೆ ಕನ್ನಡ ಟೈಪಿಸುವ ನುಡಿ ತಂತ್ರಾಂಶ. ಆ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. 1994ರಲ್ಲಿ ಅಡೋಬಿ ಕಂಪನಿ ಇದರ ಒಡೆಯರಾದ ಆಲ್ಡಸ್ ಕಂಪನಿಯನ್ನು ಕೊಂಡಾಗ ಪೇಜ್‌ಮೇಕರ್ ಅದರ ಪಾಲಾಯಿತು. ಆಲ್ಡಸ್‌ನವರೇ ಆರಂಭಿಸಿದ್ದ ಇನ್ನೊಂದು ಯೋಜನೆಯೂ ಜೊತೆಗೆ ಬಂತು. ಅದು 1999ರಲ್ಲಿ ಇನ್‌ಡಿಸೈನ್ ಆಗಿ ಹೊರಬಿದ್ದ ಮೇಲೆ ಪೇಜ್‌ಮೇಕರ್‌ಗೆ ದಿಕ್ಕಿಲ್ಲದಾಯಿತು. ತಮಾಷೆಯೆಂದರೆ, ಅದಕ್ಕೂ ಹಿಂದಿನ ವರ್ಷ ಪುಟವಿನ್ಯಾಸದಲ್ಲಿ ಪೈಪೋಟಿಗಿದ್ದ ಕ್ವಾರ್ಕ್ ಕಂಪನಿ ಅಡೋಬಿಯನ್ನೇ ಕೊಳ್ಳಲು ಹೊರಟಿತ್ತು. ಆ ವ್ಯವಹಾರ ಕುದುರಿದ್ದರೆ ಇನ್‌ಡಿಸೈನ್ ಹೊರಬರುತ್ತಿತ್ತೇ ಅನ್ನುವುದು ನನ್ನ ಅನುಮಾನ.

ಆಲ್ಡಸ್ ಮಾರುತ್ತಿದ್ದ ಫ್ರೀಹ್ಯಾಂಡ್‌ನ ಕಥೆ ಇನ್ನೂ ವಿಚಿತ್ರ. ಚಿತ್ರ ಬಿಡಿಸುವ ತಂತ್ರಾಂಶವಾದ ಅದೂ ಅಡೋಬಿಯ ಅಂಥದ್ದೇ ಇಲಸ್ಟ್ರೇಟರೂ ಒಬ್ಬರ ಕೈಯಲ್ಲೇ ಇರಬಾರದೆಂದು ಅಮೆರಿಕದ ವ್ಯಾಪಾರ ಆಯೋಗ ತಡೆಯಿತು. ಆಮೇಲೆ ಅದು ಮ್ಯಾಕ್ರೋಮೀಡಿಯಾ ಕಂಪನಿ ಸೇರಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಮುಂಬಾಗಿಲಲ್ಲಿ ತಡೆದದ್ದು ಹಿತ್ತಿಲಿಂದ ಒಳಗೆ ಬಂದು ಅಲ್ಲೇ ಕಣ್ಣುಮುಚ್ಚಿತು.

ನನಗೆ ನಿಜಕ್ಕೂ ತಲೆನೋವಾದದ್ದು ಹಳೆಯ ಸಂಚಿಕೆಗಳು. ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ, ಗೊತ್ತಿಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಫೈಲಿನೊಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಫಾಂಟು ತೆಗೆದರೆ ಬರೀ ಗೀಚು. ಸ್ಕ್ರೈಬಸ್ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ, ಪುಟದ ಚೌಕಟ್ಟೂ ಅಂದಾಜಿಗೆ ಸಿಗುತ್ತದೆ. ಪಠ್ಯ ಮಾತ್ರ ಅದೇ ಗೀಚು.

ಇದನ್ನು ಯೂನಿಕೋಡ್ ಮಾಡುವ ಪರಿವರ್ತಕಗಳೇನೋ ಪುಕ್ಕಟೆ ಸಿಗುತ್ತವೆ. ಆದರೆ ಪಠ್ಯವನ್ನಷ್ಟೇ ಅಂಟಿಸಿದರೆ ಯಾವುದು ನಿಜವಾದ ಇಂಗ್ಲಿಷ್ ಎಂದು ಅವಕ್ಕೆ ಹೇಗೆ ತಿಳಿಯಬೇಕು? ಲೇಖಕರ ಇಮೇಲ್ ವಿಳಾಸವೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಇನ್ನು ಅರ್ಕಾವೊತ್ತು: ‘ಧರ್ಮ’ ಎಂಬಲ್ಲಿ ಹಳೆಯ ಫಾಂಟು ಅದನ್ನು ಕಣ್ಣಿಗೆ ಕಂಡಂತೆ ‘ಮ’ ಆದಮೇಲೆ ಇಟ್ಟಿರುತ್ತದೆ. ಯೂನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಚೆಂದ ಕಾಣಲೆಂದು ಟೈಪಿಸಿದವರು ನಡುವೆ ಒಂದು ಸ್ಪೇಸ್ ಒತ್ತಿದ್ದರೆ ಮುಗಿಯಿತು, ಅರ್ಕಾವೊತ್ತು ಒಂಟಿಯಾಗಿ ನಿಲ್ಲುತ್ತದೆ. ಕೊನೆಗೆ ಮರುಮುದ್ರಣಕ್ಕೆ ಬೇಕಾದ ಲೇಖನಗಳನ್ನಷ್ಟೇ ಪರಿವರ್ತಿಸಿ, ಮತ್ತೆ ಪ್ರೂಫ್ ನೋಡುತ್ತೇನೆ. ಉಳಿದವು ಪಿಡಿಎಫ್ ಆಗಿಯೇ ಇರಲಿ ಎಂದು ಬಿಟ್ಟಿದ್ದೇನೆ. ಇನ್‌ಡಿಸೈನ್‌ಗೆ ಹೋದರೂ ಈ ಕರ್ಮ ತಪ್ಪಿದ್ದಲ್ಲ.

ಇನ್‌ಡಿಸೈನ್ ಕೆಲಸದಲ್ಲಿ ಎಲ್ಲಕ್ಕಿಂತ ಮುಂದು, ಅದರಲ್ಲಿ ಎರಡು ಮಾತಿಲ್ಲ. ಕೋಷ್ಟಕ, ಅಡಿಟಿಪ್ಪಣಿ ಎರಡೂ ಸಲೀಸು. ಕನ್ನಡಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಸೆಟ್ಟಿಂಗ್ ಆರಿಸಿಕೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿ.

ಸ್ಕ್ರೈಬಸ್‌ನಲ್ಲೂ ಮೊದಲು ಇದೇ ಗೋಳಿತ್ತು. 1.5.3 ಆವೃತ್ತಿಯಿಂದ ಅಕ್ಷರ ಜೋಡಿಸಿ ಕೂರಿಸುವ ಹಾರ್ಫ್‌ಬಜ್ ಸೇರಿದ ಮೇಲೆ ಒತ್ತಕ್ಷರ ತಾನಾಗಿ ಕೂರುತ್ತದೆ. 2024ರ 1.6 ಹಾಕಿಕೊಂಡರೆ ಸಾಕು. ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆ ಪಿಡಿಎಫ್ ನೇರವಾಗಿ ಸಿಗುತ್ತದೆ. ಕೋಷ್ಟಕ ಮಾಡುವುದು ಮಾತ್ರ ಹಿಂಸೆ. ಇದರ ಮೂಲಸಂಕೇತ ಮುಕ್ತ ಪರವಾನಗಿಯಲ್ಲಿದೆ, ಯಾರೂ ಕೊಂಡು ಬೀಗ ಹಾಕುವಂತಿಲ್ಲ. ಪೇಜ್‌ಮೇಕರ್ ಫೈಲುಗಳ ಜೊತೆ ಗುದ್ದಾಡಿದ ಮೇಲೆ ನನಗೆ ಇದೇ ದೊಡ್ಡದೆನಿಸಿದೆ.

ದಿನವಿಡೀ ಪುಟ ಕಟ್ಟಿಯೇ ಹೊಟ್ಟೆ ಹೊರೆಯುವವರಿಗೆ, ಪ್ರೆಸ್ಸಿನವರು ತಿದ್ದಲು ಬರುವ ಓಪನ್ ಫೈಲೇ ಬೇಕೆನ್ನುವ ಕಡೆ, ಇನ್‌ಡಿಸೈನ್ ಚಂದಾ ದಂಡವಲ್ಲ. ನಾನು ಪಿಡಿಎಫ್ ಸಾಕೆನ್ನುವ ಪ್ರೆಸ್ ಹಿಡಿದಿದ್ದೇನೆ.